ಘಟ್ಟದ ಮರ, ಮನೆಯ ಕಷಾಯ, ಅಂಗಡಿಯ ಔಷಧ: ಓದುಗರ ಪ್ರಶ್ನೆಗಳಿಗೆ ಉತ್ತರ

ಮಳೆಕಾಡಿನ ಗಿಡಮರಗಳಲ್ಲಿ ಹೊಸ ಔಷಧಗಳನ್ನು ಹುಡುಕುವ ಕೆಲಸದ ಕುರಿತು ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಉಡುಪಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳವು. ಘಟ್ಟದ ಬುಡದಲ್ಲಿ ಬದುಕುವವರಿಗೆ ಇದು ಪುಸ್ತಕದ ವಿಷಯವಲ್ಲ, ಹಿತ್ತಿಲಿನ ವಿಷಯ ಎಂಬುದು ಆ ಪತ್ರಗಳನ್ನು ಓದಿದಾಗ ತಿಳಿಯುತ್ತದೆ. ಒಂದೇ ಅರ್ಥದ ಪ್ರಶ್ನೆಗಳನ್ನು ಸೇರಿಸಿ, ಆರು ಪತ್ರಗಳಿಗೆ ಇಲ್ಲಿ ಉತ್ತರಿಸಿದ್ದೇನೆ.

ನಮ್ಮ ತೋಟದಾಚೆಗಿನ ಕಾಡಿನಲ್ಲಿ ಹೂ ಬಿಟ್ಟಾಗ ಕೆಟ್ಟ ವಾಸನೆ ಬರುವ ಒಂದು ಸಣ್ಣ ಮರವಿದೆ. ಕೆಲವು ವರ್ಷಗಳ ಹಿಂದೆ ಹೊರಗಿನವರು ಅದರ ಕಟ್ಟಿಗೆಯನ್ನು ಕಿಲೋ ಲೆಕ್ಕದಲ್ಲಿ ಕೇಳಿಕೊಂಡು ಬಂದಿದ್ದರು. ಅದರಿಂದ ಕ್ಯಾನ್ಸರಿಗೆ ಮದ್ದು ಮಾಡುತ್ತಾರಂತೆ. ಇದು ನಿಜವೇ? ನಿಜವಾದರೆ ನಾವೇ ಕಷಾಯ ಮಾಡಿ ಕುಡಿಯಬಹುದೇ?
— ಅಡಿಕೆ ಕೃಷಿಕರು, ಹೆಬ್ರಿ

ನಿಮ್ಮ ವಿವರಣೆಗೆ ಹೊಂದುವ ಮರವೆಂದರೆ ಮಲೆನಾಡಿನವರು ದುರ್ವಾಸನೆ ಮರ ಎಂದೇ ಕರೆಯುವ ನೋತಪೊಡೈಟಿಸ್ ನಿಮ್ಮೋನಿಯಾನ. ಎಲೆ, ಹೂವು, ಕಾಯಿ ಇರುವ ಕೊಂಬೆಯನ್ನು ಬಲ್ಲವರಿಗೆ ತೋರಿಸದೆ ಇದನ್ನು ಖಚಿತವಾಗಿ ಹೇಳುವುದು ಸರಿಯಲ್ಲವಾದರೂ, ಕ್ಯಾನ್ಸರಿನ ಮದ್ದಿಗೆಂದು ಕಟ್ಟಿಗೆ ಕೇಳಿಕೊಂಡು ಬಂದರು ಎಂಬ ಮಾತು ಆ ಊಹೆಯನ್ನು ಬಲಪಡಿಸುತ್ತದೆ. ನಿಮ್ಮ ಮೊದಲ ಪ್ರಶ್ನೆಗೆ ಉತ್ತರ: ನಿಜ. ಎರಡನೆಯದಕ್ಕೆ: ಖಂಡಿತವಾಗಿಯೂ ಕುಡಿಯಬಾರದು. ಈ ಎರಡು ಉತ್ತರಗಳ ನಡುವೆ ಸುಮಾರು 30 ವರ್ಷಗಳ ಕಥೆಯೊಂದಿದೆ, ಅದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಅಮೆರಿಕದ ಮನ್ರೋ ವಾಲ್ ಮತ್ತು ಭಾರತದಿಂದ ಹೋಗಿ ಅಲ್ಲಿ ನೆಲೆಸಿದ್ದ ಮನಸುಖ ವಾನಿ ಎಂಬ ಇಬ್ಬರು ರಸಾಯನಶಾಸ್ತ್ರಜ್ಞರು 1966ರಲ್ಲಿ ಚೀನಾ ಮೂಲದ ಒಂದು ಮರದಿಂದ ಕ್ಯಾಂಪ್ಟೊಥೆಸಿನ್ ಎಂಬ ವಸ್ತುವನ್ನು ಬೇರ್ಪಡಿಸಿ ಅದರ ರಚನೆಯನ್ನು ಪ್ರಕಟಿಸಿದರು. ಅದು ಪ್ರಯೋಗಾಲಯದ ಇಲಿಗಳ ರಕ್ತಕ್ಯಾನ್ಸರನ್ನು ತಡೆಯುತ್ತಿತ್ತು. 1972ರಲ್ಲಿ ಮುಂಬಯಿಯ ಗೋರೆಗಾಂವ್‌ನ ಪ್ರಯೋಗಾಲಯದಲ್ಲಿ ಗೋವಿಂದಾಚಾರಿ ಮತ್ತು ವಿಶ್ವನಾಥನ್ ಅವರು ಅದೇ ವಸ್ತು ನಮ್ಮ ದುರ್ವಾಸನೆ ಮರದಲ್ಲಿಯೂ ಇದೆಯೆಂದು ತೋರಿಸಿದರು. ಚೀನಾದ ಆ ಮರಕ್ಕೂ ಇದಕ್ಕೂ ಹತ್ತಿರದ ನಂಟಿಲ್ಲ. ಒಂದೇ ವಸ್ತುವನ್ನು ದೂರದ ಎರಡು ಮರಗಳು ಬೇರೆಬೇರೆಯಾಗಿ ತಯಾರಿಸಿಕೊಳ್ಳುತ್ತವೆ ಎಂಬುದು ನನಗೆ ಇಂದಿಗೂ ಬೆರಗು ಹುಟ್ಟಿಸುವ ಸಂಗತಿ.

ಆದರೆ ಈ ವಸ್ತು ನೀರಿನಲ್ಲಿ ಕರಗುವುದಿಲ್ಲ. ಕರಗುವಂತೆ ಅದನ್ನು ಸೋಡಿಯಂ ಲವಣವಾಗಿ ಮಾರ್ಪಡಿಸಿ 1970ರ ದಶಕದಲ್ಲಿ ರೋಗಿಗಳಿಗೆ ಕೊಟ್ಟು ನೋಡಿದಾಗ ತೀವ್ರ ಭೇದಿ, ಬಿಳಿರಕ್ತಕಣಗಳ ಕುಸಿತ, ಮೂತ್ರಕೋಶದಲ್ಲಿ ರಕ್ತಸ್ರಾವ ಕಾಣಿಸಿಕೊಂಡವು, ಪ್ರಯೋಗವನ್ನು ನಿಲ್ಲಿಸಬೇಕಾಯಿತು. ಅದು ಹೇಗೆ ಕೆಲಸ ಮಾಡುತ್ತದೆ ಎಂಬುದು ತಿಳಿದದ್ದು 1985ರಲ್ಲಿ. ನಮ್ಮ ಜೀವಕೋಶದೊಳಗಿನ ಡಿಎನ್‌ಎ ತೆಂಗಿನ ನಾರಿನ ಹಗ್ಗದಂತೆ ಹುರಿಗೊಂಡಿರುತ್ತದೆ. ಕೋಶ ಒಡೆದು ಎರಡಾಗುವ ಮೊದಲು ಈ ಹುರಿ ಸಡಿಲವಾಗಬೇಕು. ಅದಕ್ಕಾಗಿ ಒಂದು ಕಿಣ್ವ ಹಗ್ಗದ ಒಂದು ಎಳೆಯನ್ನು ಕತ್ತರಿಸಿ, ಹುರಿ ಬಿಚ್ಚಿದ ಮೇಲೆ ಮತ್ತೆ ಜೋಡಿಸುತ್ತದೆ. ಕ್ಯಾಂಪ್ಟೊಥೆಸಿನ್ ಆ ಕಿಣ್ವವನ್ನು ಕತ್ತರಿಸಿದ ಜಾಗದಲ್ಲಿಯೇ ಸಿಕ್ಕಿಸಿಬಿಡುತ್ತದೆ. ಎಳೆ ಜೋಡಣೆಯಾಗುವುದಿಲ್ಲ, ಕೋಶ ಸಾಯುತ್ತದೆ. ವೇಗವಾಗಿ ಒಡೆಯುವ ಕ್ಯಾನ್ಸರ್ ಕೋಶಗಳಿಗೆ ಇದರ ಪೆಟ್ಟು ಹೆಚ್ಚು. ಆದರೆ ನಮ್ಮ ಕರುಳಿನ ಒಳಪದರ ಮತ್ತು ಮೂಳೆಯ ಮಜ್ಜೆಯ ಕೋಶಗಳೂ ವೇಗವಾಗಿಯೇ ಒಡೆಯುತ್ತವೆ. ಈ ತಿಳಿವಳಿಕೆ ಬಂದ ಮೇಲೆ ಅಣುವಿನ ರಚನೆಯನ್ನು ಬದಲಿಸಿ, ನೀರಿನಲ್ಲಿ ಕರಗುವ ಟೋಪೊಟೆಕಾನ್ ಮತ್ತು ಇರಿನೊಟೆಕಾನ್ ಎಂಬ ಎರಡು ಔಷಧಗಳನ್ನು ತಯಾರಿಸಲಾಯಿತು. 1996ರಲ್ಲಿ ಅಮೆರಿಕದಲ್ಲಿ ಮೊದಲನೆಯದಕ್ಕೆ ಅಂಡಾಶಯದ ಕ್ಯಾನ್ಸರಿಗೂ, ಎರಡನೆಯದಕ್ಕೆ ದೊಡ್ಡ ಕರುಳಿನ ಕ್ಯಾನ್ಸರಿಗೂ ಅನುಮತಿ ದೊರೆಯಿತು. ಆಸ್ಪತ್ರೆಯಲ್ಲಿ ದೇಹದ ಅಳತೆಗೆ ತಕ್ಕಂತೆ ಲೆಕ್ಕ ಹಾಕಿ, ಆಗಾಗ ರಕ್ತ ಪರೀಕ್ಷೆ ಮಾಡುತ್ತಾ ಕೊಡುವ ಮದ್ದು ಇದು. ಕಟ್ಟಿಗೆಯಲ್ಲಿ ಎಷ್ಟು ಪ್ರಮಾಣವಿದೆಯೆಂದು ತಿಳಿಯದೆ ಕಷಾಯ ಕುಡಿಯುವುದೆಂದರೆ ಅಳತೆ ಗೊತ್ತಿಲ್ಲದ ವಿಷವನ್ನು ಕುಡಿದಂತೆ.

ಈ ಬೇಡಿಕೆಯ ಹೊರೆ ಬಿದ್ದದ್ದು ಮರದ ಮೇಲೆ. ಎಲೆಯನ್ನಷ್ಟೇ ಕಿತ್ತೊಯ್ದಿದ್ದರೆ ಮರ ಉಳಿಯುತ್ತಿತ್ತು. ಬೇಕಾದದ್ದು ಕಾಂಡ ಮತ್ತು ಬೇರು, ಆದ್ದರಿಂದ ಬುಡವನ್ನೇ ತೆಗೆದರು. ಈ ಮರದ ಒಳತೊಗಟೆಯಲ್ಲಿ ವಾಸಿಸುವ ಒಂದು ಶಿಲೀಂಧ್ರ ತಾನೇ ಕ್ಯಾಂಪ್ಟೊಥೆಸಿನ್ ತಯಾರಿಸುತ್ತದೆ ಎಂದು ಜಮ್ಮುವಿನ ಸಂಶೋಧಕರು 2005ರಲ್ಲಿ ಪ್ರಕಟಿಸಿದಾಗ, ಮರ ಕಡಿಯದೆ ಕಾರ್ಖಾನೆಯ ತೊಟ್ಟಿಯಲ್ಲಿ ಔಷಧ ಬೆಳೆಯಬಹುದೆಂಬ ಆಸೆ ಹುಟ್ಟಿತ್ತು. ಆದರೆ ಇಂಥ ಶಿಲೀಂಧ್ರಗಳನ್ನು ಮರದಿಂದ ಬೇರ್ಪಡಿಸಿ ಮತ್ತೆ ಮತ್ತೆ ಬೆಳೆಸಿದಂತೆ ಅವುಗಳ ಇಳುವರಿ ಕುಗ್ಗುತ್ತಾ ಹೋಗುತ್ತದೆ. ನಿಮ್ಮ ತೋಟದ ಗಡಿಯೊಳಗೆ ಆ ಮರವಿದ್ದರೆ ದಯವಿಟ್ಟು ಉಳಿಸಿಕೊಳ್ಳಿ, ಹಣ್ಣು ಬಿದ್ದ ಜಾಗದ ಸಸಿಗಳನ್ನು ಸವರಬೇಡಿ. ಕಾಡಿನಲ್ಲಿರುವುದನ್ನು ಕಡಿಯಲು ಯಾರಾದರೂ ಬಂದರೆ ಅರಣ್ಯ ಇಲಾಖೆಯವರಿಗೆ ತಿಳಿಸಿ.

ಆಟಿ ಅಮಾವಾಸ್ಯೆಯ ದಿನ ನಮ್ಮ ಅತ್ತೆಯವರು ಹಾಲೆ ಮರದ ಕೆತ್ತೆಯ (ತೊಗಟೆಯ) ಕಷಾಯವನ್ನು ಮನೆಮಂದಿಗೆಲ್ಲ ತಪ್ಪದೆ ಕೊಡುತ್ತಾರೆ. ಇದರಲ್ಲಿ ಮಲೇರಿಯಾ ತಡೆಯುವ ಗುಣವಿದೆ ಎಂದು ಕೇಳಿದ್ದೇನೆ. ವಿಜ್ಞಾನ ಇದನ್ನು ಒಪ್ಪುತ್ತದೆಯೇ?
— ಶಾಲಾ ಶಿಕ್ಷಕಿ, ಕಾಪು

ನಮ್ಮ ಮನೆಯಲ್ಲಿಯೂ ಆ ಬೆಳಗಿನ ಕಹಿ, ಅದರ ಬೆನ್ನಿಗೆ ಬರುವ ಮೆಂತ್ಯದ ಗಂಜಿ, ಕಷಾಯಕ್ಕೆ ಕಾಯಿಸಿದ ಬೆಣಚುಕಲ್ಲು ಹಾಕಿದಾಗ ಏಳುವ ಸದ್ದು, ಎಲ್ಲವೂ ಬಾಲ್ಯದ ಭಾಗ. ಆದ್ದರಿಂದ ಈ ಉತ್ತರವನ್ನು ಆಚರಣೆಯ ಮೇಲಿನ ಗೌರವವನ್ನು ಬದಿಗಿಡದೆ ಬರೆಯುತ್ತಿದ್ದೇನೆ.

ತುಳುವಿನಲ್ಲಿ ಪಾಲೆ ಎನ್ನುವ ಈ ಮರದ ಶಾಸ್ತ್ರೀಯ ಹೆಸರು ಅಲ್ಸ್ಟೋನಿಯ ಸ್ಕೊಲಾರಿಸ್. ಇದರ ಮೃದು ಹಲಗೆಯಿಂದ ಶಾಲಾಮಕ್ಕಳ ಬರೆಯುವ ಹಲಗೆಗಳನ್ನು ಮಾಡುತ್ತಿದ್ದುದರಿಂದ ‘ಸ್ಕೊಲಾರಿಸ್’ ಎಂಬ ಹೆಸರು ಬಂದಿದೆ. ಜ್ವರಕ್ಕೆ ಇದರ ತೊಗಟೆಯನ್ನು ಬಳಸುವುದು ತುಳುನಾಡಿನ ರೂಢಿ ಮಾತ್ರವಲ್ಲ, ಫಿಲಿಪ್ಪೀನ್ಸ್‌ವರೆಗೂ ಇದೆ. 19ನೆಯ ಶತಮಾನದಲ್ಲಿ ಮನಿಲಾದಲ್ಲಿ ಇದರಿಂದ ತೆಗೆದ ಒಂದು ಪುಡಿಯನ್ನು ಮಲೇರಿಯಾದ ಮದ್ದಾದ ಕ್ವಿನೈನ್‌ಗೆ ಸಮಾನವೆಂದು ಪ್ರಚಾರ ಮಾಡಿದ್ದೂ ಉಂಟು. ಆದರೆ ಮುಂದಿನ ಪರೀಕ್ಷೆಗಳಲ್ಲಿ, ತೊಗಟೆಯಲ್ಲಿರುವ ಮುಖ್ಯ ಸಕ್ರಿಯ ವಸ್ತುವಾದ (ಆಲ್ಕಲಾಯ್ಡ್) ಎಕಿಟಮಿನ್‌ಗೆ ಮಲೇರಿಯಾ ಪರಾವಲಂಬಿಯ ಮೇಲೆ ಕ್ವಿನೈನ್‌ನಂಥ ಪರಿಣಾಮ ಕಂಡುಬರಲಿಲ್ಲ. ಆದ್ದರಿಂದ ಆಟಿಯ ಕಷಾಯ ಕುಡಿದವರಿಗೆ ಮಲೇರಿಯಾ ಬಾರದು ಎಂದು ಹೇಳಲು ಆಧಾರವಿಲ್ಲ. ಮಂಗಳೂರಿನಂಥ ಮಲೇರಿಯಾ ಕಂಡ ಊರಿನ ಸುತ್ತಮುತ್ತ ಈ ಮಾತನ್ನು ಸ್ಪಷ್ಟವಾಗಿ ಹೇಳಲೇಬೇಕು. ಚಳಿಜ್ವರ ಬಂದರೆ ಕಷಾಯ ಕುಡಿದಿದ್ದೇವೆ ಎಂಬ ಧೈರ್ಯದಲ್ಲಿ ಕೂರದೆ ಅಂದೇ ರಕ್ತ ಪರೀಕ್ಷೆ ಮಾಡಿಸಬೇಕು.

ಹಾಗೆಂದು ಹಳೆಯ ತಿಳಿವಳಿಕೆಯೆಲ್ಲ ಪರೀಕ್ಷೆಯಲ್ಲಿ ಸೋಲುತ್ತದೆ ಎಂದಲ್ಲ. ಚೀನಾದ ತು ಯುಯು ಅವರು ಮಲೇರಿಯಾಕ್ಕೆ ಮದ್ದು ಹುಡುಕುವಾಗ ಪ್ರಾಚೀನ ಗ್ರಂಥವೊಂದರಲ್ಲಿ, ಒಂದು ಗಿಡವನ್ನು ತಣ್ಣೀರಿನಲ್ಲಿ ನೆನೆಸಿ ಹಿಂಡಿ ಕುಡಿಯಬೇಕೆಂಬ ಸೂಚನೆಯನ್ನು ಕಂಡರು. ಕುದಿಸಿದರೆ ಗುಣ ಹಾಳಾಗುತ್ತಿರಬಹುದೆಂದು ಯೋಚಿಸಿ, ಕಡಿಮೆ ಉಷ್ಣತೆಯಲ್ಲಿ ಈಥರ್ ಬಳಸಿ ಸಾರ ತೆಗೆದಾಗ ಅದು ಫಲ ಕೊಟ್ಟಿತು. ಅದರಿಂದ ಬಂದದ್ದೇ ಆರ್ಟಿಮಿಸಿನಿನ್. 2015ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಗಿಡದ ಹೆಸರಿನಷ್ಟೇ ಅದನ್ನು ಸಿದ್ಧಪಡಿಸುವ ಕ್ರಮವೂ ಮುಖ್ಯ, ಆ ಕ್ರಮ ಹಿರಿಯರ ನೆನಪಿನಲ್ಲಿರುತ್ತದೆ.

ನಿಮ್ಮ ಅತ್ತೆಯವರಿಗೆ ಒಂದು ವಿನಂತಿಯನ್ನು ತಲುಪಿಸಿ. ಕೆತ್ತೆಯನ್ನು ಬೆಳಕು ಹರಿಯುವ ಮೊದಲು ತರುವುದು ಪದ್ಧತಿಯಾದ್ದರಿಂದ, ಮರವನ್ನು ಹಿಂದಿನ ದಿನ ಹಗಲಿನಲ್ಲಿಯೇ ನೋಡಿ ಗುರುತು ಮಾಡಿಡಬೇಕು. ಹಾಲೆ ಮರದಲ್ಲಿ ಒಂದೇ ಗಿಣ್ಣಿನ ಸುತ್ತ ಸಾಮಾನ್ಯವಾಗಿ ಏಳರಷ್ಟು ಎಲೆಗಳು ಛತ್ರಿಯಂತೆ ಹರಡಿರುತ್ತವೆ, ಗಾಯ ಮಾಡಿದರೆ ಬಿಳಿ ಹಾಲು ಬರುತ್ತದೆ. ಸ್ಟ್ರಿಕ್ನಿನ್ ಎಂಬ ಕಡುವಿಷವಿರುವ ಕಾಸರಕ ಮರದಲ್ಲಿ ಹಾಲಿಲ್ಲ, ಎಲೆಗಳು ಎದುರುಬದುರಾಗಿ ಜೋಡಿಯಾಗಿರುತ್ತವೆ. ಕತ್ತಲಲ್ಲಿ ಈ ವ್ಯತ್ಯಾಸ ಕಾಣುವುದಿಲ್ಲ.

ಮಳೆಕಾಡಿನಲ್ಲಿ ಅಷ್ಟೊಂದು ಸಸ್ಯಗಳಿದ್ದರೂ ಅವುಗಳಿಂದ ಬಂದ ಔಷಧಗಳು ಯಾಕೆ ಇಷ್ಟು ಕಡಿಮೆ? ಸಂಶೋಧಕರು ಯಾವ ಗಿಡವನ್ನು ಆರಿಸಬೇಕೆಂದು ಹೇಗೆ ನಿರ್ಧರಿಸುತ್ತಾರೆ?
— ಫಾರ್ಮಸಿ ವಿದ್ಯಾರ್ಥಿ, ಮಂಗಳೂರು

ಚಳಿಗಾಲವೇ ಇಲ್ಲದ ಕಾಡಿನಲ್ಲಿ ಹುಳು, ಬೂಷ್ಟು, ಸೂಕ್ಷ್ಮಜೀವಿಗಳಿಗೆ ವರ್ಷವಿಡೀ ಬಿಡುವಿಲ್ಲ. ಓಡಲಾರದ ಮರ ರಾಸಾಯನಿಕಗಳಿಂದಲೇ ತನ್ನನ್ನು ಕಾಪಾಡಿಕೊಳ್ಳಬೇಕು. ಮಳೆಕಾಡಿನ ಎಲೆ, ತೊಗಟೆ, ಬೇರುಗಳಲ್ಲಿ ಇಷ್ಟು ಬಗೆಯ ವಸ್ತುಗಳಿರುವುದಕ್ಕೆ ಇದು ಮುಖ್ಯ ಕಾರಣ. ಅವು ನಮ್ಮ ಕಾಯಿಲೆಗಾಗಿ ಹುಟ್ಟಿದವಲ್ಲ, ಹುಳುವಿನ ನರವನ್ನೋ ಕೋಶವನ್ನೋ ಕೆಡಿಸಲು ಹುಟ್ಟಿದವು. ಆ ಪೆಟ್ಟು ನಮಗೆ ಮದ್ದಾಗುವುದು ಅಪರೂಪ.

ಆಯ್ಕೆಗೆ ಎರಡು ದಾರಿಗಳಿವೆ. ಮೊದಲನೆಯದು ಸಿಕ್ಕಿದ್ದನ್ನೆಲ್ಲ ತಂದು ಪರೀಕ್ಷಿಸುವುದು. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ 1960ರಿಂದ 1982ರವರೆಗೆ ಸುಮಾರು 35,000 ಜಾತಿಯ ಸಸ್ಯಗಳ ಸಾರಗಳನ್ನು ಹೀಗೆ ಪರೀಕ್ಷಿಸಿತು. ಅಷ್ಟು ದೊಡ್ಡ ಜಾಲಾಟದಿಂದ ದೊಡ್ಡ ಔಷಧಗಳಾಗಿ ನಿಂತವು ಕ್ಯಾನ್ಸರಿನ ಮದ್ದಾದ ಟ್ಯಾಕ್ಸಾಲ್ ಮತ್ತು ಮೇಲೆ ಹೇಳಿದ ಕ್ಯಾಂಪ್ಟೊಥೆಸಿನ್‌ನ ಸಂತತಿ. ಎರಡನೆಯದು ಸ್ಥಳೀಯರು ಯಾವ ರೋಗಕ್ಕೆ ಏನನ್ನು ಬಳಸುತ್ತಾರೆಂದು ಕೇಳಿ ಅಲ್ಲಿಂದ ಆರಂಭಿಸುವುದು. ಅಮೆಜಾನ್ ಕಾಡಿನವರು ಭೇದಿಗೆ ಕುಡಿಯುವ, ರಕ್ತದಂತೆ ಕೆಂಪಾದ ಕ್ರೋಟಾನ್ ಮರದ ರಸದಿಂದ ಬಂದ ಕ್ರೊಫೆಲೆಮರ್ ಎಂಬ ಔಷಧಕ್ಕೆ 2012ರ ಕೊನೆಯಲ್ಲಿ ಅನುಮತಿ ದೊರೆತದ್ದು ಎಚ್‌ಐವಿ ಚಿಕಿತ್ಸೆಯಲ್ಲಿರುವವರ ಭೇದಿಗೇ. ಜನರ ಮಾತು ಮತ್ತು ಪ್ರಯೋಗಾಲಯದ ಮಾತು ಇಷ್ಟು ನೇರವಾಗಿ ಕೂಡಿಬಂದದ್ದು ವಿರಳ. ನಮ್ಮ ಅಂಗಳದ ನಿತ್ಯಪುಷ್ಪದ ವಿಷಯ ಬೇರೆ: ಮಡಗಾಸ್ಕರ್ ಮೂಲದ ಆ ಗಿಡವನ್ನು ಸಕ್ಕರೆ ಕಾಯಿಲೆಗೆಂದು ಪರೀಕ್ಷಿಸಿದರು, ಸಕ್ಕರೆ ಇಳಿಯಲಿಲ್ಲ, ಇಲಿಗಳ ಬಿಳಿರಕ್ತಕಣ ಇಳಿಯಿತು. ಅದನ್ನು ಸೋಲೆಂದು ಬಿಡದೆ ಬೆನ್ನುಹತ್ತಿದ್ದರಿಂದ ವಿನ್‌ಬ್ಲಾಸ್ಟಿನ್ ಮತ್ತು 1963ರಲ್ಲಿ ಅನುಮತಿ ಪಡೆದ ವಿನ್‌ಕ್ರಿಸ್ಟಿನ್ ದೊರೆತವು. ಮಕ್ಕಳ ರಕ್ತಕ್ಯಾನ್ಸರಿನ ಚಿಕಿತ್ಸೆಯಲ್ಲಿ ಇಂದಿಗೂ ವಿನ್‌ಕ್ರಿಸ್ಟಿನ್‌ಗೆ ಸ್ಥಾನವಿದೆ.

ಔಷಧಗಳು ಯಾಕೆ ಕಡಿಮೆ ಎಂಬುದಕ್ಕೆ ನೀವು ನಿಮ್ಮ ಪ್ರಯೋಗಾಲಯದಲ್ಲಿಯೇ ಕಾಣುವ ಕಾರಣಗಳಿವೆ. ಕಚ್ಚಾ ಸಾರದಲ್ಲಿ ನೂರಾರು ವಸ್ತುಗಳಿರುತ್ತವೆ. ಅದನ್ನು ಭಾಗ ಮಾಡಿ, ಪ್ರತಿ ಭಾಗವನ್ನೂ ಪರೀಕ್ಷಿಸಿ, ಗುಣವಿರುವ ಭಾಗವನ್ನು ಮತ್ತೆ ಭಾಗ ಮಾಡುತ್ತಾ ಒಂದೇ ಅಣುವಿನವರೆಗೆ ಹೋಗಬೇಕು. ಕೊನೆಗೆ ಕೈಗೆ ಬಂದದ್ದು 50 ವರ್ಷಗಳ ಹಿಂದೆಯೇ ಗೊತ್ತಿದ್ದ ಅಣುವಾಗಿರಬಹುದು. ತೊಗಟೆಯ ಒಗರಿಗೆ ಕಾರಣವಾದ ಟ್ಯಾನಿನ್ ಯಾವ ಪ್ರೋಟೀನಿಗಾದರೂ ಅಂಟಿಕೊಳ್ಳುವುದರಿಂದ, ಪರೀಕ್ಷೆಯಲ್ಲಿ ಎಲ್ಲ ರೋಗಕ್ಕೂ ಮದ್ದಿನಂತೆ ಕಾಣಿಸಿ ಮೋಸ ಮಾಡುತ್ತದೆ. ‘ಗಾಜಿನ ತಟ್ಟೆಯಲ್ಲಿ ಕ್ಯಾನ್ಸರ್ ಕೋಶ ಸತ್ತಿತು’ ಎಂಬ ಪ್ರಬಂಧಗಳಲ್ಲಿ ಬಹುಪಾಲು ಅಲ್ಲಿಗೇ ನಿಲ್ಲುತ್ತವೆ. ಅದನ್ನೇ ಔಷಧವೆಂದು ಬರೆಯುವ ಪತ್ರಿಕಾ ವರದಿಗಳು ರೋಗಿಗಳಿಗೆ ಅನ್ಯಾಯ ಮಾಡುತ್ತಿವೆ ಎಂಬುದು ನನ್ನ ದೃಢ ಅಭಿಪ್ರಾಯ. ಇನ್ನು ಗಿಡದ ಗುರುತು. ಪೇಟೆಯಲ್ಲಿ ಅಶೋಕದ ತೊಗಟೆ ಕೇಳಿದರೆ, ಶಾಲೆಯ ಅಂಗಳದಲ್ಲಿ ಕಂಬದಂತೆ ಬೆಳೆಯುವ ಬೇರೊಂದು ಮರದ ತೊಗಟೆ ಬರುವುದುಂಟು. ಸಂಗ್ರಹಿಸಿದ ಕೊಂಬೆಯನ್ನು ಒಣಗಿಸಿ, ಸ್ಥಳ ಮತ್ತು ದಿನಾಂಕ ಬರೆದು, ಒಣಸಸ್ಯಗಳ ಸಂಗ್ರಹಾಲಯವಾದ ಹರ್ಬೇರಿಯಂನಲ್ಲಿ ಇಡದಿದ್ದರೆ ಮುಂದಿನ ಹತ್ತು ವರ್ಷಗಳ ಕೆಲಸ ಯಾವ ಗಿಡದ್ದು ಎಂದೇ ಹೇಳಲಾಗದು.

ಈ ಮಾತಿಗೆ ಒಂದು ಉದಾಹರಣೆ ಕೊಡದೆ ಮುಂದೆ ಹೋಗಲಾರೆ. ನಮ್ಮ ಕಡಲ ದಂಡೆಯಲ್ಲಿ ನೆರಳು ಕೊಡುವ, ಬೀಜದ ಎಣ್ಣೆಯಿಂದ ಹಿಂದೆ ದೀಪ ಉರಿಸುತ್ತಿದ್ದ ಸುರಹೊನ್ನೆಯ ದಾಯಾದಿ ಮರವೊಂದು ಮಲೇಷ್ಯಾದ ಸರವಾಕ್‌ನ ಕಾಡಿನಲ್ಲಿದೆ. 1987ರಲ್ಲಿ ಅದರ ಮಾದರಿಯನ್ನು ತೆಗೆದುಕೊಂಡು ಹೋಗಿ ಪರೀಕ್ಷಿಸಿದಾಗ, ಅದರಲ್ಲಿನ ಕ್ಯಾಲನೊಲೈಡ್ ಎಂಬ ವಸ್ತು ಎಚ್‌ಐವಿ ವೈರಸ್ಸನ್ನು ತಡೆಯುತ್ತದೆಯೆಂದು ಕಂಡುಬಂತು. ಹೆಚ್ಚಿನ ಮಾದರಿಗಾಗಿ ಮತ್ತೆ ಅಲ್ಲಿಗೆ ಹೋದಾಗ ಆ ಮರ ಇರಲಿಲ್ಲ, ಕಡಿದಾಗಿತ್ತು. ಸುತ್ತಲಿನ ಇತರ ಮರಗಳಲ್ಲಿ ಆ ವಸ್ತು ಬೇಕಾದಷ್ಟು ಸಿಗಲಿಲ್ಲ. ಕೊನೆಗೆ ನೆರವಾದದ್ದು ಸಿಂಗಾಪುರದ ಸಸ್ಯೋದ್ಯಾನದಲ್ಲಿ ಹಿಂದೆಂದೋ ನೆಟ್ಟು ಹೆಸರು ಬರೆದಿಟ್ಟಿದ್ದ ಮರಗಳು. ಮನುಷ್ಯರ ಮೇಲಿನ ಪರೀಕ್ಷೆಯವರೆಗೆ ಬಂದರೂ ಕ್ಯಾಲನೊಲೈಡ್ ಔಷಧವಾಗಿ ಅಂಗಡಿಗೆ ಬರಲಿಲ್ಲ. ಒಂದು ಜಾತಿ ಉಳಿದರೆ ಸಾಲದು, ಆ ಜಾತಿಯೊಳಗಿನ ಒಂದೊಂದು ಮರದ ರಸಾಯನವೂ ಬೇರೆಯಾಗಿರಬಹುದು ಎಂಬುದು ಇದರಿಂದ ತಿಳಿಯುತ್ತದೆ.

ನಮ್ಮ ತಂದೆಯವರು ನಾಟಿ ವೈದ್ಯರು. ಬೇರುಗಳ ಬಗ್ಗೆ ಅವರಿಗೆ ತಿಳಿದಿರುವುದನ್ನು ಬರೆದುಕೊಳ್ಳಲು ಸಂಶೋಧಕರೊಬ್ಬರು ಬರುತ್ತಿದ್ದಾರೆ. ಹೇಳಿದರೆ ಬೇರೆಯವರು ಪೇಟೆಂಟ್ ಮಾಡಿಕೊಳ್ಳುವುದಿಲ್ಲವೇ? ಹೇಳದಿದ್ದರೆ ಅದು ಅವರೊಂದಿಗೇ ಹೋಗುತ್ತದಲ್ಲ?
— ಬೆಳ್ತಂಗಡಿ ತಾಲ್ಲೂಕಿನ ಓದುಗರು

ನಿಮ್ಮ ಎರಡು ಭಯಗಳೂ ನ್ಯಾಯವಾದವು. ಅಮೆರಿಕದಲ್ಲಿ 1995ರಲ್ಲಿ ಗಾಯಕ್ಕೆ ಅರಿಶಿನ ಹಚ್ಚುವುದರ ಮೇಲೆಯೇ ಪೇಟೆಂಟ್ ಕೊಟ್ಟಿದ್ದರು. ನಮ್ಮ ದೇಶದ ವೈಜ್ಞಾನಿಕ ಸಂಶೋಧನಾ ಮಂಡಳಿ ಹಳೆಯ ಗ್ರಂಥಗಳನ್ನು ಮುಂದಿಟ್ಟು ಪ್ರಶ್ನಿಸಿದ್ದರಿಂದ 1997ರಲ್ಲಿ ಅದು ರದ್ದಾಯಿತು. ಅರಿಶಿನದ ಗುಣ ಗ್ರಂಥದಲ್ಲಿತ್ತು. ನಿಮ್ಮ ತಂದೆಯವರದು ಬಾಯಿಮಾತಿನಲ್ಲಿದೆ. ಈ ವ್ಯತ್ಯಾಸವನ್ನು ನೆನಪಿನಲ್ಲಿಡಿ.

ಕೇರಳದ ಅಗಸ್ತ್ಯ ಬೆಟ್ಟದ ಕಾಣಿ ಬುಡಕಟ್ಟಿನ ಜನರ ಅನುಭವ ನಿಮಗೆ ಉಪಯೋಗವಾಗಬಹುದು. 1987ರಲ್ಲಿ ಸಸ್ಯಶಾಸ್ತ್ರಜ್ಞರ ತಂಡಕ್ಕೆ ದಾರಿ ತೋರಿಸುತ್ತಿದ್ದ ಕಾಣಿ ಯುವಕರು ಒಂದು ಗಿಡದ ಹಣ್ಣನ್ನು ತಿನ್ನುತ್ತಾ ದಣಿವಿಲ್ಲದೆ ನಡೆಯುತ್ತಿದ್ದರು. ಮೊದಲು ಹೇಳಲು ಹಿಂಜರಿದರೂ ಕೊನೆಗೆ ಆರೋಗ್ಯಪಚ್ಚ ಎಂಬ ಆ ಗಿಡವನ್ನು ತೋರಿಸಿದರು. ತಿರುವನಂತಪುರದ ಬಳಿಯ ಉಷ್ಣವಲಯ ಸಸ್ಯೋದ್ಯಾನ ಸಂಸ್ಥೆ ಅದರಿಂದ ‘ಜೀವನಿ’ ಎಂಬ ಪುಷ್ಟಿಕಾರಕವನ್ನು ಸಿದ್ಧಪಡಿಸಿ, 10 ಲಕ್ಷ ರೂಪಾಯಿ ಶುಲ್ಕ ಮತ್ತು ಮಾರಾಟದ ಶೇ. 2ರಷ್ಟು ಗೌರವಧನಕ್ಕೆ ತಯಾರಿಕೆಯ ಹಕ್ಕನ್ನು ಕೊಟ್ಟು, ಅದರಲ್ಲಿ ಅರ್ಧವನ್ನು ಕಾಣಿಗಳಿಗೆ ಮೀಸಲಿಟ್ಟಿತು. ಹಣ ನೋಡಿಕೊಳ್ಳಲು 1997ರಲ್ಲಿ ಅವರದೇ ಟ್ರಸ್ಟ್ ಆಯಿತು. ಲೋಕದಲ್ಲಿ ಇದನ್ನು ಮಾದರಿಯೆಂದು ಹೊಗಳಿದ್ದಾರೆ, ಹೊಗಳಿಕೆಗೆ ಅದು ಅರ್ಹವೇ. ಆದರೆ ತಮ್ಮನ್ನು ಕೇಳಲೇ ಇಲ್ಲ ಎಂದು ಬೇಸರಿಸಿದ ಕಾಣಿಗಳೂ ಇದ್ದರು. ಒಬ್ಬರು ಹೇಳಿದ್ದು ಎಲ್ಲರದಾಗಿದ್ದಾಗ ಒಪ್ಪಿಗೆ ಯಾರದು ಎಂಬ ಪ್ರಶ್ನೆ ಅಲ್ಲಿ ಬಗೆಹರಿಯಲಿಲ್ಲ.

ನಮ್ಮಲ್ಲಿ 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯತಿನಲ್ಲಿಯೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಸಸ್ಯ ಮತ್ತು ತಿಳಿವಳಿಕೆಯ ದಾಖಲೆಯನ್ನು ಅದು ಇಡಬೇಕು. ಗ್ರಂಥಗಳಲ್ಲಿ ಬರೆದಿಟ್ಟ ಜ್ಞಾನವನ್ನು ಬಳಸುವವರಿಗೆ 2023ರ ತಿದ್ದುಪಡಿ ಕೆಲವು ವಿನಾಯಿತಿಗಳನ್ನು ಕೊಟ್ಟಿದೆ. ಬಾಯಿಮಾತಿನ ಜ್ಞಾನ ಆ ವಿನಾಯಿತಿಯೊಳಗೆ ಬರುವುದಿಲ್ಲ. ಭಾರತದ ಪೇಟೆಂಟ್ ಕಾಯ್ದೆಯೂ ಪಾರಂಪರಿಕ ಜ್ಞಾನವನ್ನು ಹಾಗೆಯೇ ಎತ್ತಿಕೊಂಡ ಅರ್ಜಿಗೆ ಪೇಟೆಂಟ್ ಕೊಡುವುದಿಲ್ಲ. ಆದ್ದರಿಂದ ಸಂಶೋಧಕರು ಬಂದಾಗ ಯಾವ ಸಂಸ್ಥೆಯಿಂದ, ಯಾವ ಉದ್ದೇಶಕ್ಕೆ, ಎಲ್ಲಿ ಪ್ರಕಟಿಸುತ್ತಾರೆ ಎಂಬುದನ್ನು ಕನ್ನಡದಲ್ಲಿ ಬರೆದುಕೊಡಲು ಕೇಳಿ. ತಂದೆಯವರ ಹೆಸರು ಪ್ರಬಂಧದಲ್ಲಿ ಬರಬೇಕೆಂದು ಹೇಳಿ, ಪ್ರತಿಯೊಂದನ್ನು ಮನೆಯಲ್ಲಿಟ್ಟುಕೊಳ್ಳಿ, ಪಂಚಾಯತಿನ ಸಮಿತಿಗೂ ತಿಳಿಸಿ. ಹೇಳಲು ಇಷ್ಟವಿಲ್ಲದ್ದನ್ನು ಹೇಳದೆ ಇರುವ ಹಕ್ಕು ಅವರಿಗಿದೆ. ಅದಕ್ಕಿಂತ ಮೊದಲು, ನೀವೇ ಒಂದು ನೋಟ್‌ಬುಕ್ ಹಿಡಿದು ಅವರೊಂದಿಗೆ ಕಾಡಿಗೆ ಹೋಗಿ. ಯಾವ ತಿಂಗಳಲ್ಲಿ, ಯಾವ ಭಾಗ, ಎಷ್ಟು ಅಳತೆ, ಯಾರಿಗೆ ಕೊಡಬಾರದು ಎಂಬುದನ್ನು ಮಗ ಬರೆದುಕೊಂಡಷ್ಟು ವಿವರವಾಗಿ ಹೊರಗಿನವರು ಬರೆಯಲಾರರು.

ಏಕನಾಯಕದ ಬೇರಿನ ನೀರು ಕುಡಿಯುತ್ತಿದ್ದೇನೆ, ಸಕ್ಕರೆ ಕಡಿಮೆಯಾದಂತಿದೆ. ಮಾತ್ರೆ ನಿಲ್ಲಿಸಬಹುದೇ?
— ನಿವೃತ್ತ ನೌಕರರು, ಮೂಲ್ಕಿ

ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ. ಏಕನಾಯಕದ ಗುಣ ಕಟ್ಟುಕಥೆಯಲ್ಲ. ಈ ಕುಲದ ಬಳ್ಳಿಯಿಂದ ಜಪಾನಿನ ಸಂಶೋಧಕರು 1997ರಲ್ಲಿ ಸಲಾಸಿನಾಲ್ ಎಂಬ ವಸ್ತುವನ್ನು ಬೇರ್ಪಡಿಸಿದ್ದಾರೆ. ಪಿಷ್ಟವನ್ನು ಸಕ್ಕರೆಯಾಗಿ ಒಡೆಯುವ ಕರುಳಿನ ಕಿಣ್ವವನ್ನು ಅದು ತಡೆಯುತ್ತದೆ, ಆದ್ದರಿಂದ ಊಟದ ನಂತರ ಸಕ್ಕರೆ ಏರುವ ವೇಗ ತಗ್ಗುತ್ತದೆ. ಆದರೆ ನಿಮ್ಮ ಬೇರಿನ ತುಂಡಿನಲ್ಲಿ ಅದು ಎಷ್ಟಿದೆ ಎಂದು ಯಾರೂ ಅಳೆದಿಲ್ಲ, ಮಾತ್ರೆಯೊಂದಿಗೆ ಸೇರಿದಾಗ ಸಕ್ಕರೆ ತೀರಾ ಇಳಿದು ತಲೆಸುತ್ತು ಬರುವ ಅಪಾಯವೂ ಇದೆ. ಕುಡಿಯುತ್ತಿರುವ ವಿಷಯವನ್ನು ವೈದ್ಯರಿಗೆ ಮರೆಮಾಚದೆ ತಿಳಿಸಿ. ಬೇರನ್ನು ಅಗೆದರೆ ಬಳ್ಳಿ ಸಾಯುತ್ತದೆ. ಅಂಗಡಿಯವರು ಅದನ್ನು ಎಲ್ಲಿಂದ ತರಿಸುತ್ತಾರೆಂದು ಒಮ್ಮೆ ಕೇಳಿ ನೋಡಿ.

ಉಪ್ಪಾಗೆಯ ಪುಡಿ ತಿಂದರೆ ಮೈತೂಕ ಇಳಿಯುವುದೇ?
— ಓದುಗರು, ಕುಂದಾಪುರ

ಆ ಪ್ರಚಾರ ದೊಡ್ಡದಾಗಿ ನಡೆದದ್ದು ನಿಜ. 1998ರಲ್ಲಿ ಅಮೆರಿಕದಲ್ಲಿ 135 ಜನರ ಮೇಲೆ 12 ವಾರಗಳ ಕಾಲ ನಡೆದ ಪರೀಕ್ಷೆಯಲ್ಲಿ, ಉಪ್ಪಾಗೆಯ ಹುಳಿಯಂಶ ಸೇವಿಸಿದವರಿಗೂ ಗುಣವಿಲ್ಲದ ಹುಸಿ ಮಾತ್ರೆ ನುಂಗಿದವರಿಗೂ ತೂಕದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಇದರ ಅಂಶವಿರುವ ಮಾತ್ರೆಗಳನ್ನು ಸೇವಿಸಿದ ಕೆಲವರಲ್ಲಿ ಯಕೃತ್ತಿಗೆ ಹಾನಿಯಾದ ವರದಿಗಳಿವೆ. ಅಡುಗೆಯ ಹುಳಿಗೆ ಬಳಸುವುದಕ್ಕೆ ಈ ಮಾತು ಅನ್ವಯಿಸುವುದಿಲ್ಲ. ಮೀನಿನ ಸಾರಿಗೆ ಅದನ್ನು ನಿಶ್ಚಿಂತೆಯಿಂದ ಹಾಕಿ.